ನಮ್ಮ ಮನೆಯ ಡಾಡ್ಜ್ ಮೋಟಾರು

ಮುಂಬಯಿಯಲ್ಲಿ ಹಳೆಯ ಮೋಟಾರುಗಳ ಮೆರವಣಿಗೆ ಹೊರಟಾಗ, ಥಳಥಳಿಸುವ ಅಮೆರಿಕನ್ ಗಾಡಿಗಳನ್ನು ಕಂಡವರು “ಎಂಥ ರಾಜವೈಭೋಗ!” ಎಂದು ಉದ್ಗರಿಸುವುದುಂಟು. ನಮಗೆ ಮಾತ್ರ ನಗು ಬರುತ್ತದೆ. ಅಂಥದೊಂದು ಗಾಡಿಯನ್ನು ಹದಿಮೂರು ವರ್ಷ ಸಾಕಿದ ಮನೆಯವರು ನಾವು. ಅದರ ರೇಡಿಯೇಟರಿಗೆ ಹೊತ್ತು ಹಾಕಿದ ನೀರು ನಮಗಿನ್ನೂ ನೆನಪಿದೆ.

ನಮ್ಮ ತೀರ್ಥರೂಪರು ಮಾಟುಂಗದಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಿದ್ದರು. 1961ರಲ್ಲಿ ಅವರು ಎರಡು ಕೈ ದಾಟಿದ್ದ 1951ರ ಡಾಡ್ಜ್ ಗಾಡಿಯನ್ನು ಕೊಂಡು ತಂದರು. ಹೆಸರು ಅಮೆರಿಕದ್ದಾದರೂ ಜೋಡಣೆ ಇಲ್ಲಿಯದೇ. 1944ರಲ್ಲಿ ಸ್ಥಾಪನೆಯಾದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯವರು ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೋ ಗಾಡಿಗಳನ್ನು ಜೋಡಿಸುತ್ತಿದ್ದರು. ಅದಕ್ಕೂ ಮೊದಲೇ, 1928ರಿಂದ, ಶಿವಡಿಯಲ್ಲಿ ಜನರಲ್ ಮೋಟರ್ಸ್‌ನವರ ಷೆವ್ರೊಲೆಗಳು ಸಿದ್ಧವಾಗುತ್ತಿದ್ದವು. ಒಟ್ಟಿನಲ್ಲಿ ಆ ಗಾಡಿಯೂ ನಮ್ಮಂತೆಯೇ ಎಲ್ಲಿಂದಲೋ ಬಂದು ಮುಂಬಯಿಯಲ್ಲಿ ನೆಲೆಸಿದ್ದು!

ಮಾತೋಶ್ರೀಯವರಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. “ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು” ಎಂದು ಒಂದು ವಾರ ಗಾಡಿ ಹತ್ತಲೇ ಇಲ್ಲ. ಆದರೆ ಅದರ ಹೊಟ್ಟೆ ದೊಡ್ಡದು. ಗೇರಿನ ಹಿಡಿ ಸ್ಟಿಯರಿಂಗಿನ ಬುಡದಲ್ಲಿದ್ದುದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು ಆರಾಮವಾಗಿ ಕೂರಬಹುದಿತ್ತು; ಹಿಂದೆ ನಾಲ್ವರು, ಅವರ ಮಡಿಲಲ್ಲಿ ಮಕ್ಕಳು. ನೆರೆಮನೆಯ ಬಾಣಂತಿ ಆಸ್ಪತ್ರೆಯಿಂದ ಬಂದದ್ದು ಅದರಲ್ಲಿ. ಕನ್ನಡ ನಾಟಕದ ಪರದೆ, ಹಾರ್ಮೋನಿಯಂ ಸಾಗಿದ್ದು ಅದರಲ್ಲಿ. ಬಳಗದ ಮದುಮಕ್ಕಳು ಕುಳಿತದ್ದೂ ಅದರಲ್ಲಿಯೇ. ಪೆಟ್ರೋಲು ಮಾತ್ರ ನಮ್ಮದು!

ಊರಿಗೆ ಹೊರಟರೆ ಖಂಡಾಲೆಯ ಘಾಟಿಯಲ್ಲಿ ಎಂಜಿನು ಕುದಿಯದೆ ಬಿಡುತ್ತಿರಲಿಲ್ಲ. ಒಮ್ಮೆ ಅಲ್ಲಿಯೇ ಎಡಗಡೆಯ ಚಕ್ರ ಪಂಕ್ಚರಾಯಿತು. ಆ ಗಾಡಿಯ ಎಡ ಚಕ್ರಗಳ ಬೋಲ್ಟುಗಳಿಗೆ ಮರೆಯು ವಿರುದ್ಧ ದಿಕ್ಕಿನದೆಂದು ನಾವು ಹುಡುಗರಿಗೆ ತಿಳಿದಿರಲಿಲ್ಲ. ಬಿಚ್ಚುತ್ತೇವೆಂದು ಬಿಗಿಯುತ್ತಲೇ ಹೋದೆವು. ಒಂದು ಬೋಲ್ಟು ಮುರಿಯಿತು. ತಂದೆಯವರು ಗದರಲಿಲ್ಲ. “ಬಲ ತೋರಿಸುವ ಮೊದಲು ಕೇಳಬಾರದೆ?” ಎಂದರು, ಅಷ್ಟೆ.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜಿಗೆ ನಿರ್ಬಂಧ ಹೇರಿದವು; ಪೆಟ್ರೋಲಿನ ಬೆಲೆ ಗಗನಕ್ಕೇರಿತು. ನಮ್ಮ ಗಾಡಿ ಲೀಟರಿಗೆ ಆರು ಕಿಲೋಮೀಟರು ಓಡಿದರೆ ಹೆಚ್ಚು. ತಂಗಿಯ ಕಾಲೇಜಿನ ಖರ್ಚೂ ಎದುರಿಗಿತ್ತು. 1974ರಲ್ಲಿ ಮಾರಿಬಿಟ್ಟೆವು. ಅಂದು ಗಾಡಿಗೆ ಕುಂಕುಮ ಹಚ್ಚಿದವರು ಮಾತೋಶ್ರೀಯವರೇ. ಕೊಂಡವನನ್ನು, “ಓಡಿಸುತ್ತೀಯೋ, ಒಡೆಯುತ್ತೀಯೋ?” ಎಂದು ಕೇಳಿದರು. ಅವನು ಉತ್ತರ ಕೊಡಲಿಲ್ಲ. ತಂದೆಯವರು ಆ ದಿನ ಹೋಟೆಲಿನಿಂದ ರಾತ್ರಿ ತಡವಾಗಿ ಬಂದರು.

ಹಳೆಯದೆಲ್ಲ ಚಿನ್ನವೆಂದು ನಾವು ಹೇಳುವುದಿಲ್ಲ. ಅದಕ್ಕೆ ಸೀಟ್ ಬೆಲ್ಟ್ ಇರಲಿಲ್ಲ. ಎದುರಿನ ಫಲಕ ಬರಿಯ ಲೋಹ. ಇಂದಿನ ಗಾಡಿಯೇ ಮಕ್ಕಳಿಗೆ ಕ್ಷೇಮ. ಆದರೆ ಅಂಥ ಗಾಡಿಯನ್ನು ಇನ್ನೂ ಉಳಿಸಿಕೊಂಡಿರುವ ಪುಣ್ಯವಂತರಲ್ಲಿ ನಮ್ಮದೊಂದು ಮಾತು: ಬರಿದೇ ಒರೆಸಿ ಮುಚ್ಚಿಡಬೇಡಿರಿ, ನಾಲ್ಕು ಜನರನ್ನು ಕೂರಿಸಿಕೊಂಡು ನಿಧಾನವಾಗಿ ಓಡಿಸಿರಿ. ಜನರಿಲ್ಲದಿದ್ದರೆ ಅದು ಬರಿಯ ತಗಡು.

ನಮ್ಮಲ್ಲಿ ಆ ಗಾಡಿಯ ಒಂದು ಚಿತ್ರವೂ ಉಳಿದಿಲ್ಲ. ಮಾಟುಂಗದ ಓದುಗರೇ, ನಿಮ್ಮ ಮನೆಯ ಮದುವೆಯ ಆಲ್ಬಮ್ಮುಗಳನ್ನು ಒಮ್ಮೆ ತೆರೆದು ನೋಡುವಿರಾ? ಮದುಮಕ್ಕಳ ಹಿಂದೆ ಬೂದುಬಣ್ಣದ ಡಾಡ್ಜ್ ನಿಂತಿದ್ದರೆ, ಅದರ ಪಕ್ಕದಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತವರು ನಮ್ಮ ತಂದೆಯವರು.