ಲಸಿಕೆಯಲ್ಲಿ ಚಿಪ್ ಇರಲಿಲ್ಲ, ಜೇಬಿನಲ್ಲಿ ಫೋನ್ ಇತ್ತು

‘ಕೋವಿಡ್ ಲಸಿಕೆಯಲ್ಲಿ ಚಿಪ್ ಇದೆ, ನೀವೆಲ್ಲಿದ್ದೀರೆಂದು ಸರ್ಕಾರಕ್ಕೆ ತಿಳಿಯುತ್ತದೆ’ ಎಂಬ ಫಾರ್ವರ್ಡ್ ಸುಳ್ಳು. ನಾಯಿಗೆ ಹಾಕುವ ಗುರುತಿನ ಚಿಪ್ ಓದಲೂ ಯಂತ್ರವನ್ನು ಮೈಗೆ ತಾಗುವಷ್ಟು ಹತ್ತಿರ ಹಿಡಿಯಬೇಕು. ಬ್ಯಾಟರಿಯಿಲ್ಲದ ಚಿಪ್ ದೂರಕ್ಕೆ ಸಿಗ್ನಲ್ ಕಳಿಸಲಾರದು.

ಅರಳಗುಪ್ಪೆಯಿಂದ ತಿಪಟೂರಿಗೆ ಕೊಬ್ಬರಿ ಒಯ್ದವರ ಜಾಡು ಹಿಡಿಯಲು ಅವರ ಫೋನೇ ಸಾಕು! 2020ರ ಮಾರ್ಚ್‌ನಲ್ಲಿ ರಾಜ್ಯದ ‘ಕ್ವಾರಂಟೈನ್ ವಾಚ್’ ಆ್ಯಪ್, ಮನೆಯಲ್ಲಿ ಪ್ರತ್ಯೇಕವಾಗಿದ್ದವರಿಂದ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕೇಳಿತು. ಏಪ್ರಿಲ್‌ನಲ್ಲಿ ಕೇಂದ್ರದ ಆರೋಗ್ಯ ಸೇತು ಬಂತು. ಸೋಂಕಿತರ ಸಮೀಪ ಯಾರಿದ್ದರೆಂದು ತಿಳಿಯಲು ಅದು ಬ್ಲೂಟೂತ್, ಜಿಪಿಎಸ್ ಎರಡನ್ನೂ ಬಳಸುತ್ತಿತ್ತು. ಉದ್ದೇಶ ಸರಿಯೇ. ಆದರೆ ಆ ಮಾಹಿತಿ ಇನ್ಯಾರ ಕೈ ಸೇರಬಹುದು?

ಇದನ್ನು ಪ್ರಶ್ನಿಸಿ ಅನಿವರ್ ಅರವಿಂದ್ ಕರ್ನಾಟಕ ಹೈಕೋರ್ಟಿಗೆ ಹೋದರು. ಆ್ಯಪ್ ಇಲ್ಲವೆಂದು ಸರ್ಕಾರಿ ಸೇವೆ ನಿರಾಕರಿಸುವಂತಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ ಕೋರ್ಟ್ ಹೇಳಿತು. ಜನರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಅವರ ಮಾಹಿತಿಯನ್ನು ಬೇರೆ ಇಲಾಖೆಗಳಿಗೆ ಹಂಚಬಾರದು ಎಂದು 2021ರ ಜನವರಿ 25ರಂದು ಮಧ್ಯಂತರ ಆದೇಶವನ್ನೂ ಕೊಟ್ಟಿತು. ಚಿಪ್ ಸುದ್ದಿಯಷ್ಟು ಈ ಆದೇಶ ನಮ್ಮ ಗ್ರೂಪ್‌ಗಳಲ್ಲಿ ಓಡಾಡಲಿಲ್ಲ, ಬಿಡಿ.

ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಲೊಕೇಶನ್’ ತೆರೆದರೆ, ಯಾವ ಆ್ಯಪ್‌ಗೆ ಅನುಮತಿ ಇದೆಯೆಂದು ಕಾಣುತ್ತದೆ. ಬೇಡವಾದುದನ್ನು ಅಲ್ಲೇ ತೆಗೆಯಬಹುದು.