ಉಗುರಿನ ಬಣ್ಣ

ನಮ್ಮ ಶರೀರದ ಅಂಗಗಳಲ್ಲಿ ಉಗುರಿನಷ್ಟು ಅಲಕ್ಷ್ಯಕ್ಕೆ ಗುರಿಯಾದುದು ಮತ್ತೊಂದಿಲ್ಲವೆಂದು ತೋರುತ್ತದೆ. ಕೂದಲಿಗೆ ಎಣ್ಣೆಯುಂಟು, ಹಲ್ಲಿಗೆ ಪುಡಿಯುಂಟು, ಕಣ್ಣಿಗೆ ಕಾಡಿಗೆಯುಂಟು. ಉಗುರನ್ನು ಮಾತ್ರ ಬೆಳೆದಾಗ ಕತ್ತರಿಸಿ ಎಸೆದುಬಿಡುತ್ತೇವೆ. ಆದರೆ ನಮ್ಮ ಭಾಷೆ ಅದನ್ನು ಮರೆತಿಲ್ಲ. ಹದವಾದ ಬಿಸಿನೀರಿಗೆ ‘ಉಗುರುಬೆಚ್ಚಗಿನ ನೀರು’ ಎನ್ನುತ್ತೇವೆ. ಬೆರಳ ತುದಿ ಬಾತು ಕೀವು ತುಂಬುವ ವ್ಯಾಧಿಗೆ ‘ಉಗುರುಸುತ್ತು’ ಎಂದು ಹೆಸರು. ಅಲ್ಪ ಕಾರ್ಯಕ್ಕೆ ಮಹಾ ಆಯುಧವನ್ನು ಎತ್ತುವವರನ್ನು ಕಂಡರೆ ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ?’ ಎಂದು ಕೇಳುತ್ತೇವೆ. ಈ ಮೂರು ಮಾತುಗಳೂ ಈ ಲೇಖನದಲ್ಲಿ ಉಪಯೋಗಕ್ಕೆ ಬರುವಂಥವು.

ಹಬ್ಬದ ರಜೆ ಮುಗಿದು ಶಾಲೆ ತೆರೆದ ದಿನ ವಿದ್ಯಾರ್ಥಿನಿಯರ ಬೆರಳುಗಳಲ್ಲಿ ಕೆಂಪು, ನೇರಳೆ, ಬೆಳ್ಳಿಯ ಬಣ್ಣಗಳು ಮಿನುಗುವುದು ಪ್ರತಿವರ್ಷದ ನೋಟ. ಬಣ್ಣ ಹಚ್ಚಿಕೊಂಡು ಬರಬಾರದೆಂಬ ನಿಯಮ ಅನೇಕ ಶಾಲೆಗಳಲ್ಲಿ ಉಂಟು. ಆದುದರಿಂದ ಪ್ರಾರ್ಥನೆಯ ಗಂಟೆ ಬಾರಿಸುವುದರೊಳಗೆ ಅದನ್ನು ಬ್ಲೇಡಿನಿಂದಲೋ ಹಲ್ಲಿನಿಂದಲೋ ಕೆರೆದು ತೆಗೆಯುವ ಅವಸರ. ಬಣ್ಣದೊಡನೆ ಉಗುರಿನ ಪದರವೂ ಎದ್ದು ಬರುತ್ತದೆ. ನಿಯಮವನ್ನು ನಾನು ಆಕ್ಷೇಪಿಸುತ್ತಿಲ್ಲ. ಆದರೆ ಕಾರಣವನ್ನು ತಿಳಿಸದೆ ‘ಬೇಡ’ ಎಂದಷ್ಟೇ ಹೇಳುವುದು ಕೊಡಲಿಯ ಮಾರ್ಗ. ಉಗುರೆಂದರೇನು, ಅದರ ಮೇಲೆ ಹಚ್ಚುವ ಬಣ್ಣವೆಂದರೇನು ಎಂಬುದನ್ನು ಬಲ್ಲ ಹುಡುಗಿ ಯಾವಾಗ ಹಚ್ಚಬೇಕು, ಹೇಗೆ ತೆಗೆಯಬೇಕು ಎಂಬುದನ್ನು ತಾನೇ ನಿರ್ಣಯಿಸಬಲ್ಲಳು. ಬಾಲಕರಿಗೂ ಉಗುರುಗಳಿರುವುದರಿಂದ ಅವರೂ ಇದನ್ನು ಓದಬಹುದು.

ಉಗುರು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ನಮ್ಮ ಕೂದಲು, ಹಸುವಿನ ಕೊಂಬು, ಕುದುರೆಯ ಗೊರಸು ಇವೆಲ್ಲವೂ ಅದೇ ಜಾತಿಯ ವಸ್ತುಗಳು. ನಾವು ಕಾಣುವ ಉಗುರಿನ ಹಲಗೆಗೆ ಜೀವವಿಲ್ಲ. ಕತ್ತರಿಸಿದರೆ ನೋವಾಗದಿರುವುದು ಅದರಿಂದಲೇ. ಜೀವವಿರುವುದು ಬುಡದಲ್ಲಿ, ಚರ್ಮದ ಅಡಿಯಲ್ಲಿ ಅಡಗಿರುವ ಬೇರಿನಲ್ಲಿ. ಹೆಬ್ಬೆರಳ ಉಗುರಿನ ಬುಡದಲ್ಲಿ ಬೆಳ್ಳಗೆ ಕಾಣುವ ಅರ್ಧಚಂದ್ರವು ಆ ಬೇರಿನ ಹೊರತುದಿ. ಅಲ್ಲಿ ಹುಟ್ಟಿದ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಂತೆ ಮುಂದೆ ಸರಿಯುತ್ತದೆ. ಕೈಯ ಉಗುರು ಬುಡದಿಂದ ತುದಿಯವರೆಗೆ ಹೊಸದಾಗಲು ಸುಮಾರು ಆರು ತಿಂಗಳು ಬೇಕು. ಕಾಲಿನ ಹೆಬ್ಬೆರಳಿಗೆ ಒಂದು ವರುಷಕ್ಕೂ ಮಿಗಿಲು. ಇಂದು ಬುಡಕ್ಕೆ ಮಾಡಿದ ಗಾಯದ ಗುರುತು ಮುಂದಿನ ಪರೀಕ್ಷೆಯ ಕಾಲಕ್ಕೂ ಬೆರಳಿನ ಮೇಲೆ ಉಳಿದಿರುವುದು ಅಸಂಭವವಲ್ಲ.

ಇಂಥ ಉಗುರಿಗೆ ಬಣ್ಣ ಕೊಡುವ ಮಾರ್ಗಗಳು ಎರಡು: ಬಣ್ಣವನ್ನು ಉಗುರಿನ ಒಳಕ್ಕೆ ಇಳಿಸುವುದು ಒಂದು, ಅದರ ಮೇಲೆ ಕೂರಿಸುವುದು ಇನ್ನೊಂದು. ಒಳಕ್ಕೆ ಇಳಿಯುವ ಬಣ್ಣಕ್ಕೆ ಗೋರಂಟಿಯೇ ಉತ್ತಮ ನಿದರ್ಶನ. ಕರಾವಳಿಯವರು ಇದನ್ನು ಮದರಂಗಿ ಎನ್ನುತ್ತಾರೆ. ನೆರೆಮನೆಯ ತಮಿಳರು ಮರುದಾಣಿ ಎನ್ನುತ್ತಾರೆ. ಹೆಸರು ಬೇರೆಯಾದರೂ ಆಷಾಢದಲ್ಲಿ ಹಚ್ಚಿಕೊಳ್ಳುವ ವಾಡಿಕೆ ಎರಡು ನಾಡಿನಲ್ಲಿಯೂ ಇದೆ. ಎಲೆಯನ್ನು ಅರೆದಾಗ ಹೊರಬರುವ ಲಾಸೋನ್ ಎಂಬ ರಂಗು ಕೆರಾಟಿನ್‌ನೊಡನೆ ಬಂಧಿಸಿಕೊಳ್ಳುತ್ತದೆ. ಚರ್ಮದ ಮೇಲ್ಪದರ ಉದುರುವುದರಿಂದ ಅಂಗೈಯ ಬಣ್ಣ ಎರಡು ಮೂರು ವಾರಗಳಲ್ಲಿ ಮಾಸುತ್ತದೆ. ಉಗುರಿನ ಬಣ್ಣವಾದರೋ ಉಗುರು ಬೆಳೆದು ಕತ್ತರಿಸಿ ಹೋಗುವವರೆಗೂ ಇರುತ್ತದೆ. ‘ಕಪ್ಪು ಮೆಹೆಂದಿ’ ಎಂದು ಮಾರುವ ಲೇಪನದಲ್ಲಿ ಮಾತ್ರ ಪಿ.ಪಿ.ಡಿ. ಎಂಬ ಕೂದಲು ಬಣ್ಣದ ರಾಸಾಯನಿಕವಿರುವುದುಂಟು. ಅದು ಕೆಲವರ ಚರ್ಮದಲ್ಲಿ ಬೊಕ್ಕೆಗಳನ್ನು ಎಬ್ಬಿಸುತ್ತದೆ. ನಿಜವಾದ ಗೋರಂಟಿ ಎಂದಿಗೂ ಕಪ್ಪಲ್ಲ ಎಂಬುದನ್ನು ನೆನಪಿಡಿರಿ.

ಒಳಕ್ಕೆ ಇಳಿಯುವ ಇನ್ನೊಂದು ಬಣ್ಣವೂ ಉಂಟು, ಅದು ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಇಂದು ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್. 1962ರ ಮಹಾಚುನಾವಣೆಯಿಂದ ಮೊದಲ್ಗೊಂಡು ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಅದೇ ಕಾರ್ಖಾನೆ ತಯಾರಿಸುತ್ತ ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ, ಬೆಳಕು ತಗಲಿದಂತೆ ಕಪ್ಪಾಗುತ್ತದೆ. 2006ರಿಂದ ಎಡಗೈಯ ತೋರುಬೆರಳಿನಲ್ಲಿ ಉಗುರಿನ ತುದಿಯಿಂದ ಮೊದಲ ಗಿಣ್ಣಿನ ಕೆಳಗಿನವರೆಗೆ ಗೆರೆಯಾಗಿ ಎಳೆಯುತ್ತಾರೆ. ಚರ್ಮದ ಮೇಲಿನ ಗೆರೆ ಬೇಗ ಮಾಯವಾಗಿ, ಉಗುರಿನ ಮೇಲಿನದು ತಿಂಗಳುಗಟ್ಟಲೆ ಉಳಿಯುವುದನ್ನು ನಿಮ್ಮ ತಂದೆತಾಯಿಗಳ ಬೆರಳುಗಳಲ್ಲಿ ನೋಡಿರುತ್ತೀರಿ. ಅದು ಮೆಲ್ಲಮೆಲ್ಲನೆ ಮುಂದೆ ಸರಿಯುವುದನ್ನು ಅಳತೆಪಟ್ಟಿಯಿಂದ ಅಳೆದರೆ ಉಗುರಿನ ಬೆಳವಣಿಗೆಯ ವೇಗ ಮನೆಯಲ್ಲಿಯೇ ಗೊತ್ತಾಗುತ್ತದೆ.

ಇನ್ನು ಮೇಲೆ ಕೂರುವ ಬಣ್ಣ, ಎಂದರೆ ನೈಲ್ ಪಾಲಿಷ್. ಇದನ್ನು ತಿಳಿಯಲು ನಾನು ವಾಸವಾಗಿರುವ ಕ್ರೋಂಪೇಟೆಯ ಹೆಸರೇ ಸಹಾಯ ಮಾಡುತ್ತದೆ. ಊರುಬಿಟ್ಟು ಬಂದ ಕನ್ನಡಿಗರಿಗೆ ಈ ಹೆಸರು ಮೊದಮೊದಲು ವಿಚಿತ್ರವಾಗಿ ಕೇಳುವುದು ಸಹಜ. 1912ರಲ್ಲಿ ಚೇಂಬರ್ಸ್ ಎಂಬವರು ಇಲ್ಲಿ ಕ್ರೋಮ್ ಲೆದರ್ ಕಂಪನಿಯನ್ನು ಸ್ಥಾಪಿಸಿದರು. ಆ ಕ್ರೋಮೇ ಪೇಟೆಗೂ ಹೆಸರಾಗಿ ನಿಂತಿತು. ತೊಗಲನ್ನು ಹದಮಾಡುವಾಗ ಕ್ರೋಮಿಯಂ ಲವಣವು ಅದರ ಒಳಗಿನ ಪ್ರೋಟೀನಿನ ಎಳೆಗಳನ್ನು ಸೇರಿ ಬಂಧಿಸುತ್ತದೆ. ಆ ಮೇಲೆ ಎಷ್ಟು ತೊಳೆದರೂ ಅದು ಹೊರಬಾರದು. ಇದು ಗೋರಂಟಿಯ ಮಾರ್ಗ. ಹದವಾದ ಚರ್ಮಕ್ಕೆ ಕೊನೆಯಲ್ಲಿ ಹೊಳಪು ಕೊಡಲು ನೈಟ್ರೋಸೆಲ್ಯುಲೋಸ್ ಎಂಬ ಮೆರುಗನ್ನು ಸಿಂಪಡಿಸುವ ಪದ್ಧತಿ ಚರ್ಮದ ಉದ್ಯಮದಲ್ಲಿ ಬಹುಕಾಲದಿಂದ ಇದೆ. ಅದು ಒಳಕ್ಕೆ ಇಳಿಯದೆ ತೆಳು ಹಾಳೆಯಂತೆ ಮೇಲೆ ಕೂರುತ್ತದೆ. ಇದು ಪಾಲಿಷಿನ ಮಾರ್ಗ. ಸಾದೃಶ್ಯವಷ್ಟೇ ಅಲ್ಲ, ವಸ್ತುವೂ ಒಂದೇ: ಚರ್ಮದ ಚೀಲಕ್ಕೆ ಮೆರುಗು ಕೊಡುವ ನೈಟ್ರೋಸೆಲ್ಯುಲೋಸೇ ಸಾಮಾನ್ಯ ನೈಲ್ ಪಾಲಿಷಿನ ಮುಖ್ಯಾಂಶ.

ಈ ವಸ್ತುವಿನ ಚರಿತ್ರೆ ಸ್ವಾರಸ್ಯವಾಗಿದೆ. ಹತ್ತಿಯನ್ನು ಆಮ್ಲಗಳಲ್ಲಿ ನೆನೆಸಿ ಸಿಡಿಮದ್ದಾಗಿಸುವ ವಿಧಾನವನ್ನು 1846ರಲ್ಲಿ ಬಾಸೆಲ್ ನಗರದ ಪ್ರಾಧ್ಯಾಪಕ ಷೋನ್‌ಬೈನ್ ಪ್ರಕಟಿಸಿದನು. ಅದರ ಸೌಮ್ಯ ರೂಪವನ್ನು ದ್ರಾವಕದಲ್ಲಿ ಕರಗಿಸಿದಾಗ ಮೆರುಗೆಣ್ಣೆ ದೊರೆಯಿತು. ಹಳೆಯ ಚಲನಚಿತ್ರದ ಸುರುಳಿಗಳಿಗೆ, 1920ರ ದಶಕದ ಮೋಟಾರು ಗಾಡಿಗಳ ಬಣ್ಣಕ್ಕೆ ಅದೇ ಆಧಾರವಾಯಿತು. 1932ರಲ್ಲಿ ಅಮೆರಿಕದಲ್ಲಿ ರೆವ್ಲಾನ್ ಸಂಸ್ಥೆ ಗಾಢ ಬಣ್ಣದ ಉಗುರುಮೆರುಗಿನಿಂದಲೇ ತನ್ನ ವ್ಯಾಪಾರವನ್ನು ಆರಂಭಿಸಿತು. ನಮ್ಮ ದೇಶದಲ್ಲಿ 1952ರಲ್ಲಿ ಟಾಟಾ ಆಯಿಲ್ ಮಿಲ್ಸ್ ಸಂಸ್ಥೆ ಲ್ಯಾಕ್ಮೆಯನ್ನು ಹುಟ್ಟುಹಾಕಿದ ಮೇಲೆ ಇಂಥ ಅಲಂಕಾರ ವಸ್ತುಗಳು ಸ್ವದೇಶದಲ್ಲಿಯೇ ತಯಾರಾಗತೊಡಗಿದವು.

ಸೀಸೆಯೊಳಗೆ ನೈಟ್ರೋಸೆಲ್ಯುಲೋಸಿನೊಡನೆ ಅಂಟುವ ರಾಳ, ಬಿರುಕು ಬಿಡದಂತೆ ಮೃದುಗೊಳಿಸುವ ವಸ್ತು, ಬಣ್ಣದ ಪುಡಿ, ಇವನ್ನೆಲ್ಲ ತೆಳುವಾಗಿಡುವ ಈಥೈಲ್ ಅಸಿಟೇಟಿನಂಥ ದ್ರಾವಕಗಳು ಇರುತ್ತವೆ. ಹಚ್ಚಿದೊಡನೆ ದ್ರಾವಕ ಆವಿಯಾಗಿ ಹಾರಿಹೋಗುತ್ತದೆ. ಮೂಗಿಗೆ ಬಡಿಯುವ ಆ ವಾಸನೆ ಅದರದೇ. ಉಳಿದದ್ದು ಗಟ್ಟಿಯಾಗುತ್ತದೆ. ಇಲ್ಲಿ ಒಣಗುವುದೆಂದರೆ ಇಷ್ಟೇ. ಆದುದರಿಂದ ಅಸಿಟೋನನ್ನು ಹಚ್ಚಿದೊಡನೆ ಅದು ಮತ್ತೆ ಕರಗುತ್ತದೆ. ಬ್ಲೇಡಿನ ಅವಶ್ಯಕತೆಯೇ ಇಲ್ಲ.

ಮನೆಯಲ್ಲಿ ಕೈಗಳನ್ನು ಶುಚಿಮಾಡಿ ಬಣ್ಣ ಹಚ್ಚುವುದಕ್ಕೆ, ಎಂದರೆ ಮ್ಯಾನಿಕ್ಯೂರಿಗೆ, ಹೆಚ್ಚಿನ ಸಲಕರಣೆ ಬೇಡ. ಮೊದಲು ಹಳೆಯ ಬಣ್ಣವನ್ನು ತೆಗೆಯಬೇಕು. ಹತ್ತಿಯನ್ನು ಅಸಿಟೋನಿನಲ್ಲಿ ನೆನೆಸಿ ಉಗುರಿನ ಮೇಲೆ ಕೆಲವು ಕ್ಷಣ ಒತ್ತಿಹಿಡಿದು, ಬುಡದಿಂದ ತುದಿಯ ಕಡೆಗೆ ಒರೆಸಿರಿ. ಅನಂತರ ಕೈಗಳನ್ನು ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿಡಿರಿ. ನೀರು ಹೀರಿದ ಉಗುರು ಮೆತ್ತಗಾಗಿ, ಸಿಗಿಯದೆ ಕತ್ತರಿಸಲು ಬರುತ್ತದೆ. ಉಗುರಿನ ಸಂದಿಯ ಕೊಳೆಯನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಜಂತುಹುಳುವಿನ ಮೊಟ್ಟೆಗಳು ಮಕ್ಕಳ ಹೊಟ್ಟೆಯನ್ನು ಸೇರುವ ದಾರಿಗಳಲ್ಲಿ ಅದೂ ಒಂದು. ಮುಸ್ಸಂಜೆಯಲ್ಲಿ ಉಗುರು ತೆಗೆಯಬಾರದೆಂದು ಹಿರಿಯರು ಹೇಳುವುದುಂಟು. ಎಣ್ಣೆದೀಪದ ಕಾಲದಲ್ಲಿ ಆ ಮಾತು ಬೆರಳುಗಳನ್ನು ಕಾಪಾಡಿರಬೇಕು.

ಉಗುರಿನ ಬುಡದಲ್ಲಿರುವ ತೆಳುಚರ್ಮವನ್ನು ಕತ್ತರಿಸುವುದು ಅಲಂಕಾರಗೃಹಗಳಲ್ಲಿ ಕಾಣುವ ಅಭ್ಯಾಸ. ದಯವಿಟ್ಟು ಮನೆಯಲ್ಲಿ ಅದನ್ನು ಅನುಸರಿಸಬೇಡಿರಿ. ಉಗುರಿಗೂ ಬೆರಳಿಗೂ ನಡುವಣ ಸಂದನ್ನು ಮುಚ್ಚಿ, ಒಳಗಿನ ಬೇರನ್ನು ರೋಗಾಣುಗಳಿಂದ ಕಾಯುವ ಬಾಗಿಲು ಅದೇ. ಬಾಗಿಲು ಒಡೆದರೆ ಉಗುರುಸುತ್ತು ಒಳಗೆ ಬರುತ್ತದೆ. ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಸವರಿ, ಬಟ್ಟೆಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದರೆ ಸಾಕು.

ಇಷ್ಟಾದ ಕೂಡಲೆ ಬಣ್ಣ ಹಚ್ಚಬಾರದು. ನೀರು ಕುಡಿದು ಹಿಗ್ಗಿದ ಉಗುರು ಒಣಗಿದಂತೆ ಕುಗ್ಗುತ್ತದೆ. ಮೇಲಿನ ಬಣ್ಣ ಚಕ್ಕೆಯೇಳುತ್ತದೆ. ಅರ್ಧ ಗಂಟೆ ತಾಳಿರಿ. ಎಣ್ಣೆಯ ಅಂಶವನ್ನು ಒರೆಸಿ, ಮೊದಲು ಬಣ್ಣವಿಲ್ಲದ ಮೆರುಗನ್ನು ಒಂದು ಸಲ ಹಚ್ಚಿದರೆ ಗಾಢ ಕೆಂಪು ಉಗುರನ್ನು ಹಳದಿ ಮಾಡದು. ಬಳಿಕ ನಡುವೆ ಒಂದು ಎಳೆತ, ಎರಡು ಪಕ್ಕಗಳಿಗೆ ಒಂದೊಂದು. ಅಂಚಿನ ಚರ್ಮಕ್ಕೆ ತಗಲದಂತೆ ಕೂದಲೆಳೆಯಷ್ಟು ಬಿಡಿರಿ. ದಪ್ಪನಾದ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪ ಮೇಲು. ಹೊಸ ಬಣ್ಣವನ್ನು ಪರೀಕ್ಷಿಸುವುದಾದರೆ ಮೊದಲು ಒಂದೇ ಉಗುರಿಗೆ ಹಚ್ಚಿ ಎರಡು ದಿನ ಕಾಯುವುದು ಜಾಣತನ. ಪಾಲಿಷ್ ಒಗ್ಗದವರಿಗೆ ತುರಿಕೆ ಬೆರಳಿನಲ್ಲಿಯೇ ಕಾಣಬೇಕೆಂದಿಲ್ಲ. ಬೆರಳು ಆಗಾಗ ತಾಗುವ ಕಣ್ಣುರೆಪ್ಪೆ, ಕುತ್ತಿಗೆಗಳಲ್ಲಿ ಕಾಣುವುದೇ ಹೆಚ್ಚು.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಪಾಲಿಷಿನ ಆವಿಯೂ ಅಸಿಟೋನಿನ ಆವಿಯೂ ಸುಲಭವಾಗಿ ಹೊತ್ತಿಕೊಳ್ಳುತ್ತವೆ. ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಉರಿಯನ್ನೂ ಮುಟ್ಟಬಲ್ಲವು. ಆದುದರಿಂದ ಅಡಿಗೆಮನೆಯಲ್ಲಾಗಲಿ ದೇವರ ದೀಪದ ಎದುರಿನಲ್ಲಾಗಲಿ ಈ ಕೆಲಸ ಸಲ್ಲದು. ಕಿಟಕಿಯ ಬಳಿಯೇ ಯೋಗ್ಯ ಸ್ಥಳ. ಎರಡನೆಯದು, ನಾವು ಕೈಯಿಂದ ಅನ್ನ ಕಲಸಿ ಉಣ್ಣುವವರು. ಚಕ್ಕೆಯೆದ್ದ ಬಣ್ಣ ಸಾರನ್ನದೊಳಗೆ ಬೀಳುತ್ತದೆ. ಬಣ್ಣ ಒಡೆಯತೊಡಗಿದೊಡನೆ ತೆಗೆದುಬಿಡಿರಿ. ಉಗುರು ಕಚ್ಚುವ ಚಿಕ್ಕ ಮಕ್ಕಳಿಗೆ ಹಚ್ಚಲೇಬೇಡಿರಿ.

ಜಿ.ಎಸ್.ಟಿ. ರಸ್ತೆಯ ಅಂಗಡಿಗಳಲ್ಲಿ ಸೀಸೆಯನ್ನು ಕೊಳ್ಳುವಾಗ ಘಟಕಗಳ ಪಟ್ಟಿ ಇದೆಯೇ ಎಂದು ನೋಡಿರಿ. ಪಟ್ಟಿಯೇ ಇಲ್ಲದ ಸೀಸೆ ಅಗ್ಗವಾದರೂ ಬೇಡ. ಟಾಲೂಯಿನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥ್ಯಾಲೇಟ್ ಎಂಬ ಮೂರು ವಸ್ತುಗಳನ್ನು ಅನೇಕ ತಯಾರಕರು ಈಗ ಬಿಟ್ಟಿದ್ದಾರೆ. ದೀಪದ ಕೆಳಗೆ ಗಟ್ಟಿಯಾಗುವ ಜೆಲ್ ಪಾಲಿಷ್ ಬೇರೆ ಬಗೆಯದು. ಅದು ಆವಿಯಿಂದ ಒಣಗದೆ, ನೇರಳಾತೀತ ಕಿರಣದಿಂದ ರಾಸಾಯನಿಕವಾಗಿ ಹೆಪ್ಪುಗಟ್ಟುತ್ತದೆ, ಸುಲಭವಾಗಿ ಕರಗದು. ಗಟ್ಟಿಯಾಗದೆ ಉಳಿದ ಅಂಶ ಚರ್ಮಕ್ಕೆ ತಗಲಿದರೆ ಬಹುಕಾಲ ಕಾಡುವ ಒಗ್ಗದಿಕೆ ಬರಬಹುದು. ಅದರಲ್ಲಿ ಬಳಕೆಯಲ್ಲಿದ್ದ ಟಿ.ಪಿ.ಓ. ಎಂಬ ವಸ್ತುವನ್ನು ಯೂರೋಪಿನ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ವಿದ್ಯಾರ್ಥಿನಿಯರಿಗೆ ಸಾಮಾನ್ಯ ಪಾಲಿಷೇ ಸಾಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು. ಉಗುರಿಗೆ ಹುಟ್ಟಿನಿಂದಲೇ ಒಂದು ಬಣ್ಣವಿದೆ. ತಿಳಿಗುಲಾಬಿಯಾದ ಆ ಬಣ್ಣ ಉಗುರಿನದಲ್ಲ. ಅದರ ಅಡಿಯಲ್ಲಿ ಹರಿಯುವ ರಕ್ತದ್ದು. ಉಗುರು ಪಾರದರ್ಶಕವಾದ ಕಿಟಕಿ. ರಕ್ತಹೀನತೆಯುಳ್ಳವರಲ್ಲಿ ಅದು ಬಿಳಿಚಿಕೊಳ್ಳುತ್ತದೆ. ಕಬ್ಬಿಣದ ಕೊರತೆ ಬಹುಕಾಲ ಮುಂದುವರಿದರೆ ಉಗುರು ಚಮಚದಂತೆ ಗುಳಿಬೀಳುವುದೂ ಉಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಎಂದರೆ ಒಂದು ಬೆಂಚಿನಲ್ಲಿ ಕುಳಿತ ಐವರಲ್ಲಿ ಮೂವರು! ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಪಾಠದಲ್ಲಿ ತೂಕಡಿಕೆ; ಇದನ್ನು ನಾವು ಉಪಾಧ್ಯಾಯರು ಸೋಮಾರಿತನವೆಂದು ಭಾವಿಸಿ ಗದರಿಸುವುದೂ ನಡೆಯುತ್ತದೆ. ವರ್ಷವೆಲ್ಲ ಬಣ್ಣದ ಮೇಲೆ ಬಣ್ಣ ಹಚ್ಚಿಕೊಂಡಿದ್ದರೆ ಈ ಕಿಟಕಿ ಸದಾ ಮುಚ್ಚಿರುತ್ತದೆ. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕವನ್ನು ಅಳೆಯುವ ಯಂತ್ರಕ್ಕೂ ಗಾಢವಾದ ಬಣ್ಣ ಅಡ್ಡಿಯಾಗಬಲ್ಲದು.

ಆದುದರಿಂದ ಒಂದು ಬಣ್ಣವನ್ನು ತೆಗೆದು ಇನ್ನೊಂದನ್ನು ಹಚ್ಚುವುದಕ್ಕೆ ಮೊದಲು ಕೆಲವು ದಿನ ಉಗುರನ್ನು ಬರಿದಾಗಿ ಬಿಡಿರಿ. ಹಗಲಿನ ಬೆಳಕಿನಲ್ಲಿ ಕೈಚಾಚಿ, ನಿಮ್ಮ ಉಗುರುಗಳನ್ನೂ ತಾಯಿಯ ಉಗುರುಗಳನ್ನೂ ಪಕ್ಕಪಕ್ಕದಲ್ಲಿ ನೋಡಿರಿ. ಎಲ್ಲರ ಊಟ ಮುಗಿದ ಮೇಲೆ ಉಳಿದುದನ್ನು ಉಣ್ಣುವ ತಾಯಿಯ ಉಗುರು ನಿಮ್ಮದಕ್ಕಿಂತ ಬಿಳಿಚಿಕೊಂಡಿರಬಹುದು. ನೋಟ ಮಾತ್ರದಿಂದ ರೋಗನಿರ್ಣಯವಾಗದು; ಸಂಶಯ ಬಂದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕಿಟಕಿಯಿಂದ ಎಸೆಯದೆ ನುಂಗಬೇಕು. ಸೊಪ್ಪು, ಕಾಳು, ರಾಗಿಗಳನ್ನು ನಿಂಬೆರಸದೊಡನೆ ಉಣ್ಣಬೇಕು; ಊಟದ ಜೊತೆಗೇ ಕಾಫಿ, ಚಹಾ ಕುಡಿಯುವುದನ್ನು ಬಿಡಬೇಕು, ಏಕೆಂದರೆ ಅವು ಕಬ್ಬಿಣವನ್ನು ಮೈಗೆ ಸೇರಗೊಡುವುದಿಲ್ಲ. ಇಷ್ಟನ್ನು ಮಾಡಿದ ಮೇಲೆ ಹಬ್ಬದ ದಿನ ಕೆಂಪೋ ನೇರಳೆಯೋ ನಿಮ್ಮ ಮನಸ್ಸಿಗೆ ಬಂದ ಬಣ್ಣವನ್ನು ಸಂತೋಷವಾಗಿ ಹಚ್ಚಿಕೊಳ್ಳಿರಿ. ತಾಯಿಯ ಬೆರಳುಗಳಿಗೂ ಹಚ್ಚಿರಿ.