ದೋಷದಿಂದ ಹುಟ್ಟುವ ಕಾಂತತ್ವ

ಅಯಸ್ಕಾಂತವೆಂದೊಡನೆ ನಮ್ಮ ನೆನಪಿಗೆ ಬರುವುದು ಕಬ್ಬಿಣ. ಅದರೊಡನೆ ಕೋಬಾಲ್ಟು, ನಿಕ್ಕಲುಗಳನ್ನೂ ಹೆಸರಿಸಬಹುದು. ಚರ್ಮಕ್ಕೆ ಹಚ್ಚುವ ಮುಲಾಮಿನಲ್ಲಿರುವ ಬಿಳಿಯ ಪುಡಿ, ಅಂದರೆ ಸತುವಿನ ಆಕ್ಸೈಡು, ಅಯಸ್ಕಾಂತವಾದೀತೆಂದು ಯಾರೂ ಎಣಿಸರು. ಆದರೂ ಇಂಥ ಆಕ್ಸೈಡುಗಳಲ್ಲಿ ಕಾಂತತ್ವ ಕಂಡಿತೆಂದು ಈ ಶತಮಾನದ ಮೊದಲ ವರ್ಷಗಳಲ್ಲಿ ಹಲವು ವಿಜ್ಞಾನಿಗಳು ಸಾರಿದರು. ಅದಕ್ಕೆ ಅವರು ಕೊಟ್ಟ ಕಾರಣ ಮತ್ತಷ್ಟು ಸೋಜಿಗದ್ದು: ವಸ್ತುವಿನಲ್ಲಿ ಇರುವುದರಿಂದಲ್ಲ, ಇಲ್ಲದಿರುವುದರಿಂದ ಈ ಗುಣ ಹುಟ್ಟುತ್ತದೆ!

ಪ್ರತಿಯೊಂದು ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತ. ಎರಡು ಎಲೆಕ್ಟ್ರಾನುಗಳು ಜೋಡಿಯಾದಾಗ ಒಂದು ಮೇಲ್ಮುಖವಾದರೆ ಇನ್ನೊಂದು ಕೆಳಮುಖವಾಗಿ, ಒಂದರ ಬಲವನ್ನು ಮತ್ತೊಂದು ಅಳಿಸಿಹಾಕುತ್ತದೆ. ಕಬ್ಬಿಣದಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳುಂಟು. ಅವು ಒಂದೇ ದಿಕ್ಕಿಗೆ ಮುಖಮಾಡಿ ನಿಂತಾಗ ಕಾಂತಶಕ್ತಿ ಪ್ರಕಟವಾಗುತ್ತದೆ. ಸತುವಿನ ಆಕ್ಸೈಡಿನಲ್ಲಿಯಾದರೋ ಎಲ್ಲವೂ ಜೋಡಿಗಳೇ.

ಆದರೆ ಈ ಲೆಕ್ಕ ಕುಂದಿಲ್ಲದ ಹರಳಿಗೆ ಮಾತ್ರ ಸಲ್ಲುತ್ತದೆ. ಪ್ರಕೃತಿಯಲ್ಲಿ ಕುಂದಿಲ್ಲದ ಹರಳೆಂಬುದೇ ಇಲ್ಲ. ಸಾಲಾಗಿ ಕುಳಿತ ಪರಮಾಣುಗಳ ನಡುವೆ ಆಮ್ಲಜನಕದ ಒಂದು ಪರಮಾಣು ಎದ್ದುಹೋಯಿತೆನ್ನಿ. ಆ ಖಾಲಿ ಸ್ಥಾನದಲ್ಲಿ ಎರಡು ಎಲೆಕ್ಟ್ರಾನುಗಳು ಉಳಿಯುತ್ತವೆ. ಅವೆರಡೂ ಜೋಡಿಯಾಗಿದ್ದರೆ ಕಾಂತತ್ವವಿಲ್ಲ. ಒಂದು ಬೇರೆಡೆಗೆ ಸರಿದರೆ, ಉಳಿದ ಒಂಟಿ ಎಲೆಕ್ಟ್ರಾನು ಪುಟ್ಟ ಅಯಸ್ಕಾಂತವಾಗಿ ನಿಲ್ಲುತ್ತದೆ. ಇಂಥ ಸ್ಥಾನಗಳು ಹೆಚ್ಚಾಗಿ, ಒಂದರ ಪ್ರಭಾವ ಇನ್ನೊಂದಕ್ಕೆ ತಾಕಿ, ಎಲ್ಲವೂ ಒಂದೇ ದಿಕ್ಕಿಗೆ ತಿರುಗಿದರೆ ವಸ್ತುವೇ ಅಯಸ್ಕಾಂತವಾಗಬೇಕು. ತತ್ತ್ವವೇನೋ ಸರಳ. ನಿಜವಾಗಿ ಹಾಗೆ ನಡೆಯುತ್ತದೆಯೇ ಎಂಬುದೇ ಪ್ರಶ್ನೆ.

2004ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ವೆಂಕಟೇಶನ್, ಫಿಟ್ಜ್‌ಜೆರಾಲ್ಡ್ ಮತ್ತು ಕೋಯ್ ಅವರು ಹ್ಯಾಫ್ನಿಯಂ ಆಕ್ಸೈಡಿನ ತೆಳುವಾದ ಪದರದಲ್ಲಿ ಕಾಂತತ್ವ ಕಂಡುದಾಗಿ ಪ್ರಕಟಿಸಿದರು. ಮರುವರ್ಷವೇ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ವಿಜ್ಞಾನಿಗಳು ಅಂಥದೇ ಪದರಗಳನ್ನು ಪರೀಕ್ಷಿಸಿ, ಕಾಂತತ್ವ ಇಲ್ಲವೆಂದರು. ಅಷ್ಟೇ ಅಲ್ಲ, ತುಕ್ಕು ಹಿಡಿಯದ ಉಕ್ಕಿನ ಚಿಮಟದಿಂದ ಪದರವನ್ನು ಹಿಡಿದರೆ ಅಳತೆಗೆ ಸಿಕ್ಕುವಷ್ಟು ಕಾಂತತ್ವ ಕಾಣಿಸುತ್ತದೆಂಬುದನ್ನೂ ತೋರಿಸಿಕೊಟ್ಟರು. ಚಿಮಟದಿಂದ ಅಂಟಿದ ಕಣ್ಣಿಗೆ ಕಾಣದ ಲೋಹದ ಕಣವೇ ವಿಜ್ಞಾನಿಯನ್ನು ಮೋಸಗೊಳಿಸಬಲ್ಲದು! ಅಳೆಯುವ ಗುಣ ಅಷ್ಟು ಸೂಕ್ಷ್ಮ.

ಚರ್ಚೆ ಹೀಗೆ ನಡೆದಿರುವಾಗ, 2006ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಎ. ಸುಂದರೇಶನ್, ಸಿ. ಎನ್. ಆರ್. ರಾವ್ ಮತ್ತು ಅವರ ಸಂಗಡಿಗರ ಲೇಖನವೊಂದು ಹೊರಬಂದಿತು. ಸತುವು, ತವರ, ಅಲ್ಯೂಮಿನಿಯಂ, ಸೀರಿಯಂ, ಇಂಡಿಯಂಗಳ ಆಕ್ಸೈಡುಗಳನ್ನು 7ರಿಂದ 30 ನ್ಯಾನೋಮೀಟರ್ ಗಾತ್ರದ ಕಣಗಳನ್ನಾಗಿ ಮಾಡಿದರೆ, ಅವು ಕೋಣೆಯ ಉಷ್ಣತೆಯಲ್ಲಿಯೇ ಕಾಂತತ್ವ ತೋರುತ್ತವೆಂದು ಅವರು ಬರೆದರು. ಒಂದು ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಬೆಲ್ಲದ ಅಚ್ಚನ್ನು ಪುಡಿಮಾಡಿದಷ್ಟೂ ಹೊರಮೈ ಹೆಚ್ಚುವಂತೆ, ಕಣ ಚಿಕ್ಕದಾದಷ್ಟೂ ಅದರ ಪರಮಾಣುಗಳಲ್ಲಿ ಹೆಚ್ಚಿನ ಪಾಲು ಹೊರಮೈಗೆ ಬರುತ್ತದೆ; ಆಮ್ಲಜನಕ ಕಳೆದುಹೋದ ಸ್ಥಾನಗಳಿರುವುದೂ ಅಲ್ಲಿಯೇ ಎಂಬುದು ಅವರ ವಾದ. ಅದೇ ಪುಡಿಯನ್ನು ಗಾಳಿಯಲ್ಲಿ ಅಥವಾ ಆಮ್ಲಜನಕದಲ್ಲಿ ಹೆಚ್ಚಿನ ಉಷ್ಣತೆಗೆ ಕಾಯಿಸಿ ಗಟ್ಟಿಮಾಡಿದಾಗ ಕಾಂತತ್ವ ಮಾಯವಾಯಿತು. ಕೊರತೆ ನೀಗಿತು, ಗುಣವೂ ಹೋಯಿತು!

ಇಷ್ಟರಿಂದ ವಾದ ತೀರಿತೆನ್ನಲಾಗದು. ಬೆರೆತ ಕಬ್ಬಿಣ ಕಾಯಿಸಿದ ಮಾತ್ರಕ್ಕೆ ಓಡಿಹೋಗದಿದ್ದರೂ, ಅದು ಕಾಂತತ್ವವಿಲ್ಲದ ಬೇರೊಂದು ರೂಪಕ್ಕೆ ತಿರುಗಬಹುದಲ್ಲವೇ ಎಂದು ಸಂದೇಹಿಗಳು ಕೇಳಬಹುದು. ದೂರದೂರದಲ್ಲಿರುವ ಒಂಟಿ ಎಲೆಕ್ಟ್ರಾನುಗಳು ಒಂದೇ ದಿಕ್ಕಿಗೆ ತಿರುಗುವುದು ಹೇಗೆ ಎಂಬುದಕ್ಕೂ ಎಲ್ಲರೂ ಒಪ್ಪುವ ಉತ್ತರ ದೊರೆತಿಲ್ಲ.

ಇದರಿಂದ ಪ್ರಯೋಜನವೇನೆಂದು ಕೇಳುವವರುಂಟು. ಗಣಕಯಂತ್ರದಲ್ಲಿ ಲೆಕ್ಕಮಾಡುವ ಭಾಗ ಅರೆವಾಹಕದ್ದು. ಅಂಕಿಗಳನ್ನು ಬಹುಕಾಲ ಕಾಯ್ದಿಡುವ ತಟ್ಟೆ ಕಾಂತವಸ್ತುವಿನದು. ಎರಡೂ ಗುಣಗಳು ಒಂದೇ ವಸ್ತುವಿನಲ್ಲಿ ದೊರೆತರೆ ಎರಡು ಕೆಲಸಗಳನ್ನೂ ಒಂದರಿಂದಲೇ ಮಾಡಿಸಬಹುದೆಂಬ ಆಸೆ ಈ ಸಂಶೋಧನೆಯ ಹಿಂದಿದೆ. ಆಸೆ ದೊಡ್ಡದಾದಷ್ಟೂ ಪರೀಕ್ಷೆ ಕಠಿಣವಾಗಬೇಕು. ಹೊಸದನ್ನು ಕಂಡವನು ಮೊದಲು ಸಂದೇಹಪಡಬೇಕಾದುದು ತನ್ನ ಕೈಯಲ್ಲಿರುವ ಚಿಮಟವನ್ನು. ಈ ಎಚ್ಚರ ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಮಗೂ ಬೇಕಾದುದೇ ಆಗಿದೆ.